ಬೀದಿಯೊಳಗಿನ ಟ್ರಾಮ್ ಹಳಿ: ಕೊಡಗಿನ ಮಳೆಗೆ ಪಿಒಪಿ ಬೇಡ

ಮಾನ್ಯ ಸಂಪಾದಕರೇ,

ಕೊಡಗಿಗೆ ಇನ್ನೂ ರೈಲು ಬಂದಿಲ್ಲ. ಮಾದರಿ ರೈಲು ಕಟ್ಟುವ ಹವ್ಯಾಸಕ್ಕೆ ಅದೇನೂ ಅಡ್ಡಿಯಲ್ಲ. ಬೀದಿಯ ನಡುವೆ ಓಡುವ ಟ್ರಾಮ್ ಮಾಡಲು ಹೊರಟವರು ಮಾತ್ರ ಸಾಮಾನ್ಯವಾಗಿ ಒಂದೇ ದಾರಿ ಹಿಡಿಯುತ್ತಾರೆ: ಹಳಿಯನ್ನು ಮೊಳೆ ಹೊಡೆದು ಕೂರಿಸುವುದು, ಮೇಲೆ ಪ್ಲಾಸ್ಟರ್ ಆಫ್ ಪ್ಯಾರಿಸ್ (ಪಿಒಪಿ) ಸುರಿಯುವುದು, ಗಾಲಿಗೆ ಬೇಕಾದ ಸಂದನ್ನು ಆಮೇಲೆ ಕೆರೆದು ತೆಗೆಯುವುದು. ಒಣ ಹವೆಯ ಊರುಗಳಲ್ಲಿ ಇದು ನಡೆದೀತು. ವರ್ಷಕ್ಕೆ 3,000 ಮಿ.ಮೀ.ಗೂ ಹೆಚ್ಚು ಮಳೆ ಬೀಳುವ ಮಡಿಕೇರಿಯಂಥ ಕಡೆ ಕಕ್ಕಡ ತಿಂಗಳು ಮುಗಿಯುವಷ್ಟರಲ್ಲಿ ಆ ಬೀದಿಯೇ ಹಳಿಯನ್ನು ಕೆಡಿಸಿರುತ್ತದೆ. ಶಾಲೆಯ ವಿಜ್ಞಾನ ಪ್ರದರ್ಶನಕ್ಕೆ ಇಂಥ ಮಾದರಿ ಮಾಡುವ ಮಕ್ಕಳಿಗೂ ಉಪಯೋಗವಾಗಲೆಂದು ಈ ಪತ್ರ.

ಪಿಒಪಿ ಕಲಸಲು ನೀರು ಬೇಕು. ಆ ನೀರು ಮೊದಲ ದಿನವೇ ಕೆಳಗಿನ ಪ್ಲೈವುಡ್ಡಿಗೆ ಇಳಿಯುತ್ತದೆ. ಗಟ್ಟಿಯಾಗುವಾಗ ಅದು ತುಸು ಹಿಗ್ಗಿ ಸಂದಿನೊಳಕ್ಕೆ ಒತ್ತುತ್ತದೆ. ಒಣಗಿದ ಮೇಲೂ ಗಾಳಿಯ ತೇವವನ್ನು ಹೀರುವ ಗುಣ ಬಿಡುವುದಿಲ್ಲ. ಕಬ್ಬಿಣದ ಮೊಳೆ ತುಕ್ಕು ಹಿಡಿದು ಬಿಳಿ ರಸ್ತೆಯ ಮೇಲೆ ಕಂದು ಕಲೆಯಾಗಿ ಏಳುತ್ತದೆ. ಎಲ್ಲಕ್ಕಿಂತ ಕಷ್ಟದ್ದು ರಿಪೇರಿ. ಒಳಗೆ ಹಳಿಗೆ ವಿದ್ಯುತ್ ಕೊಡುವ ಒಂದು ತಂತಿಯ ಬೆಸುಗೆ ಬಿಟ್ಟರೆ ಉಳಿಯಿಂದ ಒಡೆದೇ ತಲುಪಬೇಕು, ಒಡೆಯುವಾಗ ಹಳಿ ಹಿಡಿದಿರುವ ಪ್ಲಾಸ್ಟಿಕ್ ಕೊಂಡಿಗಳೂ ಮುರಿಯುತ್ತವೆ. ಆದ್ದರಿಂದ ಇಲ್ಲಿ ರಸ್ತೆಯನ್ನು ಸುರಿಯಬಾರದು, ಬೇಕೆಂದಾಗ ಎತ್ತಿ ತೆಗೆಯುವಂತೆ ಹಾಳೆ ಕತ್ತರಿಸಿ ಹಾಸಬೇಕು.

ಕೋಲ್ಕತ್ತದ ಟ್ರಾಮ್ ಹಳಿಗಳ ಅಂತರ 1435 ಮಿ.ಮೀ. ಎಚ್‌ಒ ಅಂದರೆ ನಿಜದ 87ರಲ್ಲಿ ಒಂದು ಪಾಲಿನ ಮಾದರಿ ಅಳತೆ. ಅದರಂತೆ ಈ ಅಂತರವನ್ನು 87ರಿಂದ ಭಾಗಿಸಿದರೆ 16.5 ಮಿ.ಮೀ. ಬರುತ್ತದೆ, ಅಂಗಡಿಯಲ್ಲಿ ಸಿಗುವ ಮಾಮೂಲಿ ಎಚ್‌ಒ ಹಳಿಯೇ ಸಾಕು. ಆದರೆ ಉಕ್ಕಿನ ಹಳಿ ಬೇಡ, ನಿಕಲ್ ಸಿಲ್ವರ್ ಹಳಿಯನ್ನೇ ಕೇಳಿ ತನ್ನಿ. ಹೆಸರಿನಲ್ಲಿ ಬೆಳ್ಳಿಯಿದ್ದರೂ ಅದು ತಾಮ್ರ, ನಿಕಲ್, ಸತುವಿನ ಮಿಶ್ರಲೋಹ, ತುಕ್ಕು ಹಿಡಿಯುವುದಿಲ್ಲ. ತಳಕ್ಕೆ ಐಎಸ್ 710 ಗುರುತಿನ 12 ಮಿ.ಮೀ. ಮರೈನ್ ಪ್ಲೈವುಡ್ ಹಾಕಿ, ಕತ್ತರಿಸಿದ ಅಂಚುಗಳಿಗೂ ಅಡಿಮಗ್ಗುಲಿಗೂ ಎರಡು ಕೈ ಬಣ್ಣ ಬಳಿಯಿರಿ. ತೋಟದ ಸಿಲ್ವರ್ ಓಕ್ ಹಲಗೆ ಅಗ್ಗಕ್ಕೆ ಸಿಗುತ್ತದೆ ನಿಜ. ಆದರೆ ಇಡೀ ಮರದಿಂದ ಕೊಯ್ದ ಹಲಗೆ ಮಳೆಗಾಲದಲ್ಲಿ ಅಡ್ಡಕ್ಕೆ ಹಿಗ್ಗಿ ಬೇಸಿಗೆಯಲ್ಲಿ ಕುಗ್ಗುತ್ತದೆ. ಮರದ ನಾರು ಒತ್ತಿ ಮಾಡಿದ ಎಂಡಿಎಫ್ ಹಲಗೆಯಂತೂ ಅಂಚಿನಲ್ಲಿ ನೀರು ಕುಡಿದು ಉಬ್ಬುತ್ತದೆ.

ಟ್ರಾಮ್ ಬೀದಿಯ ಮೂಲೆಯಲ್ಲಿ ತಿರುಗಬೇಕು. ನಿಜದ 15 ಮೀಟರ್ ತ್ರಿಜ್ಯದ ತಿರುವು ಮಾದರಿಯಲ್ಲಿ ಸುಮಾರು 172 ಮಿ.ಮೀ. ಆಗುತ್ತದೆ. ಬಾಗುವ ಹಳಿಯನ್ನು ಅಷ್ಟು ಬಿಗಿಯಾಗಿ ಬಗ್ಗಿಸುವಾಗ ಜೋಡಣೆಯ ಜಾಗದಲ್ಲಿ ಮೂಲೆ ಬೀಳುತ್ತದೆ. ಎರಡು ತುಂಡುಗಳನ್ನು ನೇರವಾಗಿದ್ದಾಗಲೇ ಬೆಸೆದು, ಆಮೇಲೆ ನಿಧಾನವಾಗಿ ಬಗ್ಗಿಸಿ, ಒಳಹಳಿಯ ಹೆಚ್ಚಾದ ತುದಿಯನ್ನು ಕತ್ತರಿಸಿದರೆ ಆ ತೊಂದರೆ ಇರದು. ತಿರುವಿನಲ್ಲಿ ಅಂತರ 16.5ಕ್ಕಿಂತ ಕಡಿಮೆಯಾಗಲೇಬಾರದು, 16.8ರವರೆಗೆ ಹೋದರೆ ಒಳ್ಳೆಯದೇ.

ರಸ್ತೆ ಹಾಸುವ ಮೊದಲೇ ತಂತಿ ಬೆಸೆಯಬೇಕು. ಪ್ರತಿ ಮೂರು ಅಡಿಗೆ ಒಂದು ಜೊತೆ ತಂತಿ, ಹಳಿಯ ತಳಕ್ಕೆ, ರಾಳದ ಫ್ಲಕ್ಸ್ (ಬೆಸುಗೆ ಹಿಡಿಯಲು ಬಳಿಯುವ ವಸ್ತು) ಬಳಸಿ. ಆಮ್ಲದ ಫ್ಲಕ್ಸ್ ಉಳಿದರೆ ತೇವದಲ್ಲಿ ಬೆಸುಗೆಯನ್ನೇ ತಿನ್ನುತ್ತದೆ. ಹಳಿಯ ತುಂಡುಗಳನ್ನು ಜೋಡಿಸುವ ಲೋಹದ ಜಾಯಿನರ್‌ಗಳನ್ನು ಮಾತ್ರ ನಂಬಿ ಬೀದಿ ಮುಚ್ಚಬೇಡಿ. ಮುಚ್ಚುವ ಮುನ್ನ ನಿಮ್ಮಲ್ಲಿರುವ ಪ್ರತಿಯೊಂದು ಗಾಡಿಯನ್ನೂ ಎರಡೂ ದಿಕ್ಕಿಗೆ, ಅತಿ ನಿಧಾನದ ವೇಗದಲ್ಲಿ ಓಡಿಸಿ ನೋಡಿ. ಬರಿ ಹಳಿಯ ಮೇಲೆ ತಡವರಿಸುವ ಗಾಡಿ ರಸ್ತೆ ಹಾಸಿದ ಮೇಲೆ ನಿಂತೇ ಹೋಗುತ್ತದೆ.

ಇನ್ನು ಮುಖ್ಯ ಲೆಕ್ಕ. ಎಚ್‌ಒ ಗಾಲಿಗಳ ಒಳಮುಖದಿಂದ ಒಳಮುಖಕ್ಕೆ ಸುಮಾರು 14.4 ಮಿ.ಮೀ. ಇರುತ್ತದೆ. ಹಳಿಗಳ ನಡುವೆ ಹಾಸುವ ರಸ್ತೆಯ ಪಟ್ಟಿ ಅದಕ್ಕಿಂತ ಕಿರಿದಾಗಿರಬೇಕು. 13.8 ಮಿ.ಮೀ. ಅಗಲಕ್ಕೆ ಕತ್ತರಿಸಿದರೆ ಎರಡೂ ಕಡೆ 1.35 ಮಿ.ಮೀ. ಸಂದು ಉಳಿದು, ಗಾಲಿಯ ಒಳಬದಿಯ ಎತ್ತರದ ಅಂಚು, ಅಂದರೆ ಫ್ಲಾಂಜ್, ಸಲೀಸಾಗಿ ಸಾಗುತ್ತದೆ. ತಿರುವಿನಲ್ಲಿ ಪಟ್ಟಿಯನ್ನು 13.5ಕ್ಕೆ ಇಳಿಸಿ. ಸಂದು ಅಗಲವಾದರೆ ನೋಟಕ್ಕೆ ತುಸು ಕುಂದು ಅಷ್ಟೇ. ಕಿರಿದಾದರೆ ಗಾಲಿ ಪಟ್ಟಿಯ ಮೇಲೆ ಹತ್ತಿ ಹಳಿ ತಪ್ಪುತ್ತದೆ. ಫ್ಲಾಂಜಿನ ಆಳ ಈಗಿನ ಗಾಡಿಗಳಲ್ಲಿ 0.64 ಮಿ.ಮೀ. ಆಸುಪಾಸು, ಹಳೆಯ ಗಾಡಿಗಳಲ್ಲಿ ಹೆಚ್ಚು. ಅದಕ್ಕಾಗಿ ಸಂದನ್ನು ಹಳಿಯಡಿಯ ಅಡ್ಡಪಟ್ಟಿಯ, ಅಂದರೆ ಸ್ಲೀಪರ್‌ನ, ವರೆಗೂ ತೆರೆದೇ ಬಿಡಿ.

ಕೋಡ್ 100 ಹಳಿಯ (ಕೋಡ್ ಎಂದರೆ ಇಂಚಿನ ಸಾವಿರದ ಪಾಲಿನಲ್ಲಿ ಹಳಿಯ ಎತ್ತರ) ಎತ್ತರ 2.54 ಮಿ.ಮೀ. ಅದರ ನಡುವೆ 2 ಮಿ.ಮೀ. ಸನ್‌ಬೋರ್ಡ್, ಅಂದರೆ ಪಿವಿಸಿ ಫೋಮ್ ಹಾಳೆ, ಹಾಸಿದರೆ ಬಣ್ಣವೂ ಸೇರಿ ಹಳಿಯ ತಲೆಗಿಂತ ಸುಮಾರು 0.4 ಮಿ.ಮೀ. ಕೆಳಗೆ ನಿಲ್ಲುತ್ತದೆ. ಈ ತಗ್ಗು ಬೇಕೇ ಬೇಕು. ಪಟ್ಟಿ ಹಳಿಗೆ ಸಮವಾದರೆ ಎಂಜಿನ್ನಿನ ಗೇರ್ ಪೆಟ್ಟಿಗೆಯ ತಳ ಉಜ್ಜುತ್ತದೆ, ಹಳಿ ಒರೆಸುವಾಗ ಬಣ್ಣವೂ ಎದ್ದು ಬರುತ್ತದೆ. ಹಳಿ ಹಿಡಿದ ಕೊಂಡಿಗಳು ತಾಗಿ ಪಟ್ಟಿ ಮೇಲೇಳುವುದುಂಟು, ಅಂಚಿನ ಅಡಿಭಾಗವನ್ನು ಓರೆಯಾಗಿ ಕೆತ್ತಿದರೆ ಕೂರುತ್ತದೆ. ಹೊರಬದಿಯಲ್ಲಿ ಸ್ಲೀಪರ್‌ನಷ್ಟೇ ದಪ್ಪದ ಪಟ್ಟಿ ತುಂಬಿ, ಅದರ ಮೇಲೆ ಅದೇ 2 ಮಿ.ಮೀ. ಹಾಳೆಯನ್ನು ಹಳಿಗೆ ಒತ್ತಿ ಹಾಸಬಹುದು. ತಿರುವಿನ ಆಕಾರ ಪಡೆಯಲು ಹಳಿಯ ಮೇಲೆ ತೆಳು ಕಾಗದವಿಟ್ಟು ಪೆನ್ಸಿಲನ್ನು ಮಲಗಿಸಿ ಉಜ್ಜಿ, ಗೆರೆ ತಾನಾಗಿ ಮೂಡುತ್ತದೆ.

ಅಂಟಿಸಲು ಸಿಲಿಕೋನ್ ಸೀಲೆಂಟಿನ ಸಾಸಿವೆ ಗಾತ್ರದ ಬೊಟ್ಟು, 10 ಸೆಂ.ಮೀ.ಗೆ ಒಂದರಂತೆ. ತೇವಕ್ಕೆ ಬಿಡುವುದಿಲ್ಲ, ತೆಳು ಚಾಕು ತೂರಿಸಿದರೆ ಎದ್ದು ಬರುತ್ತದೆ. ಆದರೆ ಕಾಚಂಪುಳಿಯಂತೆ ಹುಳಿ ವಾಸನೆ ಬರುವ ಸಿಲಿಕೋನ್ ತರಬೇಡಿ. ಅದು ಗಟ್ಟಿಯಾಗುವಾಗ ಹೊರಬರುವ ಅಸಿಟಿಕ್ ಆಮ್ಲ ತಾಮ್ರದ ತಂತಿಯನ್ನೂ ಹಳಿಯನ್ನೂ ಕೊರೆಯುತ್ತದೆ. ‘ನ್ಯೂಟ್ರಲ್’ ಎಂದು ಬರೆದಿರುವ ಟ್ಯೂಬ್ ಕೇಳಿ.

ಕಲ್ಲುಹಾಸಿನ ಬೀದಿ ಬೇಕಿದ್ದರೆ ಹಾಳೆ ಹಾಸುವ ಮೊದಲು ಮೊಂಡು ಸೂಜಿಯಿಂದ ಗೆರೆ ಹಾಕಿ, 20 ಸೆಂ.ಮೀ. ಕಲ್ಲು ಇಲ್ಲಿ 2.3 ಮಿ.ಮೀ. ಬಣ್ಣ ನೀರಿನಲ್ಲಿ ಕರಗುವ ಅಕ್ರಿಲಿಕ್ ಆಗಿರಲಿ, ಥಿನ್ನರ್ ಸನ್‌ಬೋರ್ಡನ್ನು ತಿನ್ನಬಹುದು. ಮೊದಲ ಬೀದಿಯಲ್ಲಿ ಪಾಯಿಂಟ್ಸ್, ಅಂದರೆ ಹಳಿ ಕವಲೊಡೆಯುವ ಜೋಡಣೆ, ಇಡದಿರುವುದೇ ಮೇಲು. ಇಡಲೇಬೇಕಿದ್ದರೆ ಚಲಿಸುವ ಅಲಗಿನ ಸುತ್ತ ಹಾಳೆಯನ್ನು ಅಲಗು ಹೊರಳುವಷ್ಟು ದೂರಕ್ಕೆ ಕತ್ತರಿಸಿ, ಆ ತುಂಡನ್ನು ಅಂಟಿಸದೆ ಮುಚ್ಚಳದಂತೆ ಇಡಿ. ಕೂದಲೆಳೆಯಷ್ಟು ಧೂಳು ಸಿಕ್ಕಿದರೂ ಅಲಗು ಪೂರ್ತಿ ಕೂರುವುದಿಲ್ಲ.

ಹಳಿ ಒರೆಸಲು ಐಸೊಪ್ರೊಪೈಲ್ ಆಲ್ಕೋಹಾಲ್ ಹಾಕಿದ ಹತ್ತಿಬಟ್ಟೆ ಸಾಕು. ಮರಳು ಕಾಗದ ಅಥವಾ ರಬ್ಬರಿನಿಂದ ಉಜ್ಜಿದ ಪುಡಿ ನೇರ ಸಂದಿಗೇ ಬೀಳುತ್ತದೆ. ಸಂದನ್ನು ವಾರಕ್ಕೊಮ್ಮೆ ಹಲ್ಲುಕಡ್ಡಿಯಿಂದ ಎಳೆದು ತೆಗೆಯಿರಿ. ಮಳೆ ನಿಂತ ಮೇಲೆ, ಅಕ್ಟೋಬರ್ ಬಿಸಿಲಿನಲ್ಲಿ, ಎಲ್ಲ ಹಾಳೆಗಳನ್ನೂ ಎಬ್ಬಿಸಿ ಎರಡು ದಿನ ಒಣಗಲು ಬಿಟ್ಟು, ತಂತಿಯ ಪ್ರತಿ ಬೆಸುಗೆಯನ್ನೂ ಮೆಲ್ಲಗೆ ಎಳೆದು ನೋಡಿ, ಮತ್ತೆ ಹಾಸಿ.

— ಒಬ್ಬ ಮಾದರಿ ರೈಲು ಹವ್ಯಾಸಿ, ಮಡಿಕೇರಿ