ಕಲ್ಲಿನ ದೂಳಿಗೆ ಟವೆಲ್ ತಡೆಯಲ್ಲ

ಮಾನ್ಯ ಸಂಪಾದಕರೇ,

ಪುಣೆಯ ಹಿಂಜವಡಿ, ವಾಕಡ್, ಖರಾಡಿ ಕಡೆಯ ಕಟ್ಟಡಗಳಲ್ಲಿ ಗ್ರಾನೈಟ್, ಟೈಲ್ಸ್ ಕೊಯ್ಯುವವರಲ್ಲಿ ಕಲಬುರಗಿ, ಯಾದಗಿರಿ, ವಿಜಯಪುರ ಕಡೆಯ ನಮ್ಮ ಜನರೂ ಇದ್ದಾರೆ. ಒಣಗಲ್ಲು ಕೊಯ್ದಾಗ ಹುಬ್ಬು, ರೆಪ್ಪೆಯ ಮೇಲೆ ಕೂರುವ ಬಿಳಿ ದೂಳು ತೊಳೆದರೆ ಹೋಗುತ್ತದೆ. ಅಪಾಯ ಇರುವುದು ಕಣ್ಣಿಗೆ ಕಾಣದ ದೂಳಿನಲ್ಲಿ. ನಾಲ್ಕೈದು ಮೈಕ್ರಾನ್‌ಗಿಂತ (ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು) ಸಣ್ಣ ಸಿಲಿಕಾ, ಅಂದರೆ ಕಲ್ಲಿನಲ್ಲಿರುವ ಒಂದು ಖನಿಜದ ಕಣ ಶ್ವಾಸಕೋಶದ ತಳ ಮುಟ್ಟಿ ಅಲ್ಲೇ ಗಾಯ ಮಾಡುತ್ತದೆ. ಇದೇ ಸಿಲಿಕೋಸಿಸ್, ಬಂದರೆ ವಾಸಿಯಾಗದು. ಅಡುಗೆಕಟ್ಟೆಗೆ ಹಾಕುವ ಕೃತಕ ಕ್ವಾರ್ಟ್ಜ್‌ನಲ್ಲಿ ಸಿಲಿಕಾ ಶೇ 90 ಮೀರುವುದೂ ಉಂಟು. ಆಸ್ಟ್ರೇಲಿಯಾ ಅದನ್ನು 2024ರ ಜುಲೈನಿಂದ ನಿಷೇಧಿಸಿದೆ.

ಮುಖಕ್ಕೆ ಸುತ್ತಿದ ಟವೆಲ್ ಈ ಕಣವನ್ನು ತಡೆಯದು. ನೀರೇ ಬೇಕು, ಅದೂ ಬ್ಲೇಡ್ ಕಲ್ಲಿಗೆ ತಾಗುವ ಜಾಗಕ್ಕೇ, ಕೊಯ್ಯುವಷ್ಟು ಹೊತ್ತೂ. ಮೊದಲಿಗೆ ಒಂದು ಮಗ್ ಸುರಿದು ಬಿಟ್ಟರೆ ಸ್ವಲ್ಪ ಹೊತ್ತಿನಲ್ಲೇ ಮತ್ತೆ ದೂಳು ಏಳುತ್ತದೆ. ಆದರೆ ಕಲ್ಲು ಕೊಯ್ಯುವ ಸಾಮಾನ್ಯ ಗ್ರೈಂಡರ್‌ಗೆ ನೀರು ಬಿಟ್ಟರೆ ಕರೆಂಟ್ ಹೊಡೆದೀತು. ನೀರಿನ ನಳಿಕೆ ಇರುವ ಕಟರ್, ಲೈನಿಗೆ 30 ಮಿಲಿಆಂಪಿಯರ್ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಲೈನ್ ಕಡಿಯುವ ಸ್ವಿಚ್) ಇರಲೇಬೇಕು. ಜೊತೆಗೆ ಎನ್95 ಮಾಸ್ಕ್. ಗಡ್ಡವಿದ್ದರೆ ಮಾಸ್ಕಿನ ಅಂಚು ಸರಿಯಾಗಿ ಕೂರುವುದಿಲ್ಲ. ಕೊಯ್ದಾಗ ಆಗುವ ಕೆಸರನ್ನು ಒಣಗುವ ಮುಂಚೆ ಬಳಿಯಬೇಕು. ಒಣ ಪೊರಕೆ ಹಿಡಿದರೆ ಪಟ್ಟ ಶ್ರಮವೆಲ್ಲ ನೀರುಪಾಲು.

ಕೆಮ್ಮು, ಏದುಸಿರು ಬಂದಾಗ ಬರೀ ಟಿಬಿ ಎಂದು ಮಾತ್ರೆ ಶುರುವಾಗುವುದುಂಟು. ಎಕ್ಸ್‌ರೇಯಲ್ಲಿ ಟಿಬಿ, ಸಿಲಿಕೋಸಿಸ್ ಎರಡೂ ಹೋಲುತ್ತವೆ, ಒಟ್ಟಿಗೂ ಬರುತ್ತವೆ. ಎಷ್ಟು ವರ್ಷ ಕಲ್ಲು ಕೊಯ್ದಿದ್ದೀರಿ ಎಂಬುದನ್ನು ಡಾಕ್ಟರು ಕೇಳದಿದ್ದರೂ ಹೇಳಿ. ನೀರಿನ ಪೈಪ್ ಎಳೆಯದೆ ಕೊಯ್ಯುವ ಕೆಲಸ ಹಚ್ಚಬೇಡಿ ಎಂದು ಮುಕಾದಮರಲ್ಲಿ (ಕೂಲಿಯವರನ್ನು ಕರೆತಂದು ಕೆಲಸ ಹಚ್ಚುವ ಮೇಸ್ತ್ರಿಗಳಲ್ಲಿ) ಕೈಮುಗಿದು ಕೇಳುತ್ತೇವೆ.

– ಕಟ್ಟಡ ಸುರಕ್ಷತಾ ತರಬೇತುದಾರರು, ಪುಣೆ