ಬಿಟ್ಟು ಹಾಡಿದ ಸಾಲು

ಚಿ. ಪುಟ್ಟಿಗೆ,
ನಿನ್ನ ದೊಡ್ಡಮ್ಮನ ಆಶೀರ್ವಾದಗಳು.

ಊರೂರಿಗೆ ಹೋಗಿ ಹಾಡು ಸಂಗ್ರಹಿಸುವ ಕ್ಷೇತ್ರಕಾರ್ಯಕ್ಕೆ ಯಾವ ರೆಕಾರ್ಡರ್ ಕೊಳ್ಳಲಿ ಎಂದು ಕೇಳಿದ್ದೀಯೆ. ಕೈಗೆ ಹಗುರವಾದದ್ದು ಯಾವುದಾದರೂ ಸರಿ. 24 ಬಿಟ್, 48 ಕಿಲೋಹರ್ಟ್ಸ್‌ನ ವೇವ್ (WAV) ಕಡತವಾಗಿ ಮುದ್ರಿಸಿಕೋ, ಎಂಪಿ3ಗೆ ಇಳಿಯಬೇಡ. ಪ್ರತಿ ಮುದ್ರಣದ ಮೊದಲಿಗೆ ನಿನ್ನ ದನಿಯಲ್ಲೇ ದಿನಾಂಕ, ಜಾಗ, ಹಾಡುವವರ ಹೆಸರು ಹೇಳಿಬಿಡು. ಹಾಡುತ್ತಿರುವುದು ನಿಜವಾದ ಸಂದರ್ಭಕ್ಕೋ, ನೀನು ಕೇಳಿಕೊಂಡದ್ದಕ್ಕೋ ಎಂಬುದನ್ನೂ ಹೇಳು. ಈ ಕೊನೆಯದನ್ನು ನನ್ನ ಮುದ್ರಣಗಳಲ್ಲಿ ನಾನು ಹೇಳುತ್ತಿರಲಿಲ್ಲ. ಈ ಪತ್ರ ಬರೆಯಲು ಕೂತದ್ದೇ ಆ ಕಾರಣಕ್ಕೆ.

ಮೊದಲ ವರ್ಷ ಒಬ್ಬ ಮುದುಕಿಯ ಬಳಿ ಹೋಗಿ, ಸಾವಿನ ಮನೆಯಲ್ಲಿ ಹಾಡುವ ಹಾಡು ಬೇಕಿತ್ತು ಎಂದೆ. "ಯಾರು ಸತ್ತಿದ್ದಾರೆ?" ಎಂದಳು. ಯಾರೂ ಇಲ್ಲ ಎಂದೆ. "ಹಾಗಾದರೆ ಯಾರನ್ನು ಸಾಯಿಸಲಿ?" ಎಂದು ಎದ್ದು ಒಳಗೆ ಹೋದಳು. ನನಗೆ ಅದು ಪ್ರಶ್ನಾವಳಿಯ ಹದಿನೇಳನೆಯ ಬಾಬತ್ತು; ಅವಳಿಗೆ, ಸುಮ್ಮನೆ ಬಾಯಿಬಿಟ್ಟರೆ ಕೇಡು ತರುವ ಮಾತು. ಮೂರು ವಾರ ಅವಳ ಪಕ್ಕದಲ್ಲಿ ಕೂತು ಹರಿದ ಬಟ್ಟೆ ಹೊಲಿದೆ. ಆಮೇಲೊಂದು ಮಧ್ಯಾಹ್ನ ತಾನಾಗಿಯೇ ನನ್ನನ್ನೂ ಮಗಳನ್ನೂ ಮನೆಯಿಂದ ದೂರ ಬಯಲಿಗೆ ಕರೆದೊಯ್ದು ಹಾಡಿದಳು. ಪ್ರತಿ ನುಡಿಯಲ್ಲೂ ಮೂರು ಸಾಲು, ಮೂರನೆಯದಕ್ಕೆ ಮುಂಚೆ ದೀರ್ಘವಾದೊಂದು ಮೌನ. ಆ ಮೌನಕ್ಕೆ ಎಷ್ಟು ಮರುಳಾದೆನೆಂದರೆ, ಪ್ರಬಂಧದಲ್ಲಿ ಅದೊಂದರ ಮೇಲೆಯೇ ಹನ್ನೊಂದು ಪುಟ ಬರೆದೆ.

ಆ ಮುದ್ರಣದ ಒಂದು ಪ್ರತಿ ತಂದುಕೊಡುತ್ತೇನೆಂದು ಮಾತು ಕೊಟ್ಟವಳು ಹೋದದ್ದು ಒಂಬತ್ತು ವರ್ಷದ ಮೇಲೆ. ಮುದುಕಿ ತೀರಿಹೋಗಿದ್ದಳು. ಮಗಳು ಕ್ಯಾಸೆಟ್ ಕೇಳಿದಳು. ಅಳಲಿಲ್ಲ, ತಾಯಿಯ ಜೊತೆಜೊತೆಗೇ ಅವಳ ತುಟಿ ಅಲುಗುತ್ತಿತ್ತು. ಮೌನ ಬಂದಾಗಲೂ ಅದು ನಿಲ್ಲಲಿಲ್ಲ. ಏನೆಂದು ಕೇಳಿದೆ. "ಅಲ್ಲಿ ಸತ್ತವರನ್ನು ಹೆಸರು ಹಿಡಿದು ಕರೆಯುವ ಸಾಲಿದೆ. ಆ ದಿನ ಯಾರೂ ಸತ್ತಿರಲಿಲ್ಲವಲ್ಲ, ಅಮ್ಮ ಬಿಟ್ಟಳು" ಎಂದಳು.

ಹನ್ನೊಂದು ಪುಟ, ಪುಟ್ಟೀ! ಆ ಮೌನ ಹಾಡಿನದಾಗಿರಲಿಲ್ಲ, ನಾನು ಹುಟ್ಟಿಸಿದ್ದು.

1890ರಲ್ಲಿ ಮಾನವಶಾಸ್ತ್ರಜ್ಞ ಜೆಸ್ಸಿ ವಾಲ್ಟರ್ ಫ್ಯೂಕ್ಸ್ ಅಮೆರಿಕದ ಮೂಲನಿವಾಸಿಗಳಾದ ಪಾಸಮಕ್ವಾಡಿ ಜನರ ಹಾಡುಗಳನ್ನು ಎಡಿಸನ್ನನ ಫೋನೋಗ್ರಾಫ್‌ನಲ್ಲಿ ಹಿಡಿದದ್ದನ್ನು ನೀನು ಪಾಠದಲ್ಲಿ ಓದಿರುತ್ತೀಯೆ. ಆ ಮೇಣದ ಉರುಳೆಯಲ್ಲಿ ಎರಡು ಮೂರು ನಿಮಿಷಕ್ಕಿಂತ ಹೆಚ್ಚು ಹಿಡಿಸುತ್ತಿರಲಿಲ್ಲ. ಉದ್ದದ ಹಾಡನ್ನು ಯಂತ್ರವೇ ತುಂಡರಿಸುತ್ತಿತ್ತು. ನಿನ್ನ ಮೆಮೊರಿ ಕಾರ್ಡಿಗೆ ಆ ಕಷ್ಟವಿಲ್ಲ. ಆದರೂ ಏನೋ ಒಂದು ಹೊರಗುಳಿಯುತ್ತದೆ, ಹಾಡುವವರು ಉಳಿಸಿಕೊಳ್ಳುತ್ತಾರೆ. ಅದನ್ನು ಕೆದಕಿ ಕಸಿಯಲು ಹೋಗಬೇಡ. ಮುದ್ರಿಸಿದ ಸಂಜೆಯೇ ಹಾಡಿದವರಿಗೂ ಮನೆಯವರಿಗೂ ಅದನ್ನು ಕೇಳಿಸು. ಕೇಳುವಾಗ ಅವರ ಮುಖ ನೋಡು, ನಿನ್ನ ಟಿಪ್ಪಣಿ ಪುಸ್ತಕವನ್ನಲ್ಲ.

ಬೇರೆಯವರ ಸಂಗೀತವನ್ನು ಅಧ್ಯಯನ ಮಾಡುವವರು, ಎರಡು ಭಾಷೆ ಬಲ್ಲವರಂತೆ ಎರಡು ಸಂಗೀತ ಬಲ್ಲವರಾಗಬೇಕೆಂದು 1960ರಲ್ಲಿ ಸಂಗೀತ ವಿದ್ವಾಂಸ ಮ್ಯಾಂಟಲ್ ಹುಡ್ ವಾದಿಸಿದರು. ಕೇಳಲು ಗಂಭೀರವಾಗಿದೆ. ನಾನಂತೂ ಕಲಿತದ್ದೆಲ್ಲ ತಪ್ಪು ಹಾಡಿಯೇ. ಲಯದ ಲೆಕ್ಕ ಏನೆಂದು ಕೇಳಿದಾಗ ಸುಮ್ಮನಿದ್ದವರು, ನಾನು ಎಡವಿದ ಕೂಡಲೇ ನಕ್ಕು, ನನ್ನ ತೊಡೆಯ ಮೇಲೆಯೇ ತಟ್ಟಿ ತೋರಿಸಿದರು. ನಾಚಿಕೆ ಬಿಟ್ಟು ಹಾಡು. ನಿನ್ನ ಕಂಠ ಹೇಗೂ ನನ್ನದಕ್ಕಿಂತ ವಾಸಿ.

ಬೇಸರ ಬರುತ್ತದೆ, ಮನೆಯ ನೆನಪು ಕಾಡುತ್ತದೆ. ಅದಕ್ಕೆ ನನ್ನ ಬಳಿ ಮದ್ದಿಲ್ಲ. ಹಾಡಿದವರಿಗೆ ಏನು ಕೊಡಬೇಕು, ಮುದ್ರಣವನ್ನು ಯಾರು ಕೇಳಬಹುದು ಎಂಬುದನ್ನು ಮೊದಲೇ ಮಾತಾಡಿಕೋ, ಆಮೇಲೆ ಅಲ್ಲ.

ನನ್ನ ಪ್ರಬಂಧ ಬೇಕೆಂದಿದ್ದೆ. ಕಪಾಟಿನ ಕೆಳಗಿನ ಅರೆಯಲ್ಲಿದೆ, ಬಂದಾಗ ತೆಗೆದುಕೋ. ಆ ಪುಟಗಳ ಅಂಚಿನಲ್ಲಿ ಮಗಳು ಹೇಳಿದ್ದನ್ನು ಪೆನ್ಸಿಲ್ಲಿನಲ್ಲಿ ಬರೆದಿಟ್ಟಿದ್ದೇನೆ. ಆ ದಿನ ಮೌನದ ಜಾಗದಲ್ಲಿ ಅವಳ ತುಟಿ ಯಾರ ಹೆಸರು ಕರೆಯಿತೆಂದು ಮಾತ್ರ ಅಲ್ಲಿಲ್ಲ. ನಾನು ಕೇಳಲಿಲ್ಲ.

ಇಂತಿ,
ನಿನ್ನ ದೊಡ್ಡಮ್ಮ