ಬಾಯ್ಲರ್ ಪೈಪಿನ ಬಾಯಿ ಪಕ್ಕದ್ಮನೆ ಕಿಟಕಿಗೆ ಬೇಡ

ಮಾನ್ಯ ಸಂಪಾದಕರೇ,

ದಾವಣಗೆರೆಯಲ್ಲಿ ಹೊಗೆ ಅಂದ್ರೆ ಎಲ್ರೂ ಮಂಡಕ್ಕಿ ಭಟ್ಟಿ ಕಡೆಗೇ ಕೈ ತೋರಿಸ್ತಾರೆ, ಬಚ್ಚಲ ಹಿಂದಿರೋ ಸೌದೆ ಬಾಯ್ಲರ್ ಬಗ್ಗೆ ಯಾರೂ ಮಾತಾಡಲ್ಲ. ನಮ್ಮ ನಿಟುವಳ್ಳಿ ಕಡೆ ಸಣ್ಣ ಸಣ್ಣ ಸೈಟಲ್ಲಿ ಸುತ್ತ ಜಾಗನೇ ಬಿಡದೆ ಮನೆ ಕಟ್ತಾರೆ, ಗೋಡೆಗೆ ತೂತು ಹೊಡೆದು ಬಾಯ್ಲರ್ ಪೈಪನ್ನ ಒಂದು ಗೇಣು ಹೊರಗೆ ಬಿಟ್ರೆ ಮುಗೀತು, ಅದರ ಎದುರಿಗೆ ಯಾರ ಕಿಟಕಿ ಐತಿ ಅಂತ ನೋಡೋರೇ ಇಲ್ಲ.

ನಮ್ಮ ಅಡುಗೆಮನೆ ಕಿಟಕಿ ಎದುರಿಗೆ ಅಂಥದ್ದೇ ಒಂದು ಪೈಪು. ಬೆಳಕು ಹರಿಯೋ ಮುಂಚೆನೇ ಹಸಿ ಸೌದೆ, ತೆಂಗಿನ ಮಟ್ಟೆ ತುರುಕ್ತಾರೆ, ಹತ್ತಲಿಲ್ಲ ಅಂದ್ರೆ ಹಾಲಿನ ಕವರು, ಹಳೇ ಚಪ್ಪಲಿನೂ ಹಾಕ್ತಾರೆ. ಕಿಟಕಿ ಮೆಶ್ ಒರೆಸಿದ್ರೆ ಬಟ್ಟೆ ತುಂಬ ಜಿಡ್ಡು ಜಿಡ್ಡು ಮಸಿ, ಸೋಪಿಗೂ ಬಿಡಲ್ಲ. ನಮ್ಮ ಅತ್ತೆಗೆ ಮೊದಲೇ ದಮ್ಮು, ಚಳಿಗಾಲದಾಗೆ ಕಿಟಕಿ ಎಲ್ಲಾ ಮುಚ್ಕೊಂಡೇ ಕೂತಿರ್ತಾರೆ. ಚಳಿಗಾಲದ ಬೆಳಗಿನ ಜಾವ ನೆಲದ ಹತ್ರ ತಣ್ಣನೆ ಗಾಳಿ ನಿಂತಿರ್ತೈತಿ, ಹೊಗೆ ಮೇಲಕ್ಕೆ ಹೋಗದೆ ಎರಡು ಗೋಡೆ ಸಂದಿಯಲ್ಲೇ ತುಂಬ್ಕೊಳ್ತೈತಿ.

"ಅಣ್ಣಾರೆ, ಪೈಪು ಸ್ವಲ್ಪ ಎತ್ತರ ಮಾಡಿಸ್ರಿ" ಅಂದ್ರೆ, "ನಮ್ಮ ಜಾಗದಾಗೆ ನಮ್ಮ ಪೈಪು ಐತಿ, ನಿಮಗೇನ್ರಿ?" ಅಂತಾರೆ. ಪೈಪು ಅವರ ಜಾಗದಾಗೇ ಇರ್ಲಿ, ಹೊಗೆ ಬರ್ತಿರೋದು ನಮ್ಮನೆಗೆ ಅಲ್ವಾ? ಪಿವಿಸಿ ಚಪ್ಪಲಿ ಸುಟ್ರೆ ಡಯಾಕ್ಸಿನ್ ಅನ್ನೋ ವಿಷ ಬರ್ತೈತಿ. ಸರಿಯಾಗಿ ಉರಿಯದ ಬೆಂಕಿಯಿಂದ ಬರೋ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣನೂ ಇಲ್ಲ ವಾಸನೆನೂ ಇಲ್ಲ, ಅದು ರಕ್ತದ ಹಿಮೋಗ್ಲೋಬಿನ್‌ಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಗಟ್ಟಿಯಾಗಿ ಅಂಟ್ಕೊಳ್ತೈತಿ, ತಲೆನೋವು, ವಾಂತಿ, ಜಾಸ್ತಿ ಆದ್ರೆ ಜೀವಕ್ಕೇ ಅಪಾಯ. ಕಿಟಕಿ ಇಲ್ಲದ ಬಚ್ಚಲಲ್ಲಿ ಗ್ಯಾಸ್ ಗೀಸರ್ ಹಾಕಿಸ್ಕೊಂಡೋರೂ ಇದನ್ನ ನೆನಪಿಟ್ಕೊಳ್ಳಿ.

ಇದಕ್ಕೆ ಲಕ್ಷಗಟ್ಟಲೆ ಖರ್ಚೇನಿಲ್ಲ. ಪೈಪನ್ನ ನೆಟ್ಟಗೆ ಟೆರೇಸ್ ಪ್ಯಾರಪೆಟ್ ದಾಟಿಸಿ ಮೇಲಕ್ಕೆ ಒಯ್ದು, ತುದಿಗೆ ತಗಡಿನ ಟೋಪಿ ಹಾಕಿದ್ರೆ ಬಿಸಿ ಹೊಗೆ ತಾನಾಗೇ ಎಳ್ಕೊಂಡು ಮೇಲೆ ಹೋಗ್ತೈತಿ, ಒಲೆನೂ ಚೆನ್ನಾಗಿ ಉರಿತೈತಿ, ಸೌದೆನೂ ಉಳೀತೈತಿ. ಬೆಂಡ್ ಜಾಸ್ತಿ ಇದ್ರೆ ಒಳಗೆ ಮಸಿ ಕಟ್ಕೊಳ್ತೈತಿ, ಆಗಾಗ ಬಿಚ್ಚಿ ಕ್ಲೀನ್ ಮಾಡ್ಬೇಕು. ಒಣ ಸೌದೆ ಬಿಟ್ಟು ಬೇರೇನೂ ಹಾಕ್ಬಾರ್ದು.

ಕಾನೂನು ಇಲ್ಲ ಅಂತಲ್ಲ. ಜನರ ಆರೋಗ್ಯ ಕೆಡೋ ಹಂಗೆ ಗಾಳಿ ಕೆಡಿಸಿದ್ರೆ ಭಾರತೀಯ ನ್ಯಾಯ ಸಂಹಿತೆಯ 280ನೇ ಸೆಕ್ಷನ್ನಲ್ಲಿ ದಂಡ ಐತಿ, ಆದ್ರೆ ಅದು 1,000 ರೂಪಾಯಿ ದಾಟಲ್ಲ. ಪಕ್ಕದ್ಮನೆಯೋರ ಮೇಲೆ ಪೊಲೀಸ್ ಸ್ಟೇಷನ್ ಮೆಟ್ಲು ಹತ್ತೋಕೆ ಯಾರಿಗೆ ಮನಸ್ಸು ಬರ್ತೈತಿ ಹೇಳಿ, ನಾಳೆ ಅವರ ಮುಖ ನೋಡ್ಬೇಕಲ್ಲ. ಅದಕ್ಕೆ ಪಾಲಿಕೆಯೋರೇ ಹೊಸ ಮನೆಗೆ ಲೈಸೆನ್ಸ್ ಕೊಡುವಾಗ ಬಾಯ್ಲರ್ ಪೈಪು ಎಲ್ಲಿ ಬಿಡ್ತೀರಿ ಅಂತ ಪ್ಲಾನಲ್ಲೇ ತೋರಿಸೋಕೆ ಹೇಳ್ಬೇಕು, ಹಳೇ ಮನೆಗಳಿಗೆ ಹೆಲ್ತ್ ಇನ್‌ಸ್ಪೆಕ್ಟರ್ ಬಂದು ನೋಡಿ ಎತ್ತರ ಮಾಡಿಸೋಕೆ ಟೈಮ್ ಕೊಟ್ಟು ನೋಟಿಸ್ ಕೊಡ್ಬೇಕು. ಈ ಚಳಿಗಾಲ ಶುರುವಾಗೋ ಮುಂಚೆನೇ ಮಾಡ್ಲಿ ಅಂತ ಕೈಮುಗಿದು ಕೇಳ್ಕೊಳ್ತೀನಿ.

– ನೊಂದ ಗೃಹಿಣಿ, ನಿಟುವಳ್ಳಿ, ದಾವಣಗೆರೆ